ಅರ್ಧ ಕೇಳಿ ಪೂರ್ತಿ ಬೈಯುವ ಕಲೆ

ಕನ್ನಡದಲ್ಲಿ ರಾಕ್ ಆಲ್ಬಂ ಮಾಡುವವರು ಕಡಿಮೆ, ಪೂರ್ತಿ ಕೇಳುವವರು ಇನ್ನೂ ಕಡಿಮೆ. ಅಭಿಪ್ರಾಯಕ್ಕೆ ಮಾತ್ರ ನಮ್ಮಲ್ಲಿ ಯಾವತ್ತೂ ಬರಗಾಲ ಬಿದ್ದದ್ದಿಲ್ಲ. ನಾಲ್ಕೈದು ಮಂದಿ ಸೇರಿ, ಇದ್ದ ನೌಕರಿ ಬಿಟ್ಟು, ಮನೆಯವರ ಬೈಗುಳ ತಿಂದು, ವರ್ಷಗಟ್ಟಲೆ ತಿದ್ದಿ ತೀಡಿ ಒಂದು ಆಲ್ಬಂ ಹೊರತರುತ್ತಾರೆ. ತೀರ್ಪು ಅದಕ್ಕಿಂತ ಮೊದಲೇ ತಯಾರಾಗಿ ಕೂತಿರುತ್ತದೆ: 'ಮೊದಲಿನ ಹಾಗಿಲ್ಲ.' ಈ ತೀರ್ಪಿನ ಸೊಗಸೆಂದರೆ ಅದು ಚೊಚ್ಚಲ ಆಲ್ಬಮಿಗೂ ಸಲ್ಲುತ್ತದೆ. 'ರೆಕಾರ್ಡ್ ಮಾಡುವ ಮುಂಚೆ ಕಾಲೇಜು ಫೆಸ್ಟುಗಳಲ್ಲಿ ಹಾಡುತ್ತಿದ್ದರಲ್ಲ, ಆಗ ಕೇಳಬೇಕಿತ್ತು' ಎಂದರಾಯಿತು. ನೀವು ಆಗ ಕೇಳಿದ್ದಿರಾ ಸ್ವಾಮಿ ಎಂದು ಅಡ್ಡ ಪ್ರಶ್ನೆ ಹಾಕುವಷ್ಟು ಒರಟುತನ ಕನ್ನಡಿಗರಿಗೆ ಎಲ್ಲಿಂದ ಬರಬೇಕು?

ಸ್ಪಾಟಿಫೈ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಅದನ್ನು ಕೇಳಿದ ಹಾಗೆಯೇ. ಕಂಪನಿಯವರು ಧಾರಾಳಿಗಳು, ಅಷ್ಟಾದರೂ ಕೇಳಿ ಎನ್ನುತ್ತಾರೆ. ನಮ್ಮ ಪಂಡಿತರಿಗೆ ಗಿಟಾರಿನ ಮೊದಲ ಮೀಟು ಸಾಕು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹಿಂದೊಮ್ಮೆ ಒಂದು ಆಲ್ಬಮನ್ನು ಪುಕ್ಕಟೆಯಾಗಿ ಕೊಟ್ಟಿತು. ಪುಕ್ಕಟೆ ಕೊಡುತ್ತಾರೆಂದರೆ ಇದರಲ್ಲೇನೋ ಐಬಿರಬೇಕು ಎಂಬ ಗುಮಾನಿ. 2012ರಲ್ಲಿ ಅದೇ ತಂಡ ಮೂರು ಡಿಸ್ಕುಗಳ '3 ವೀಲ್ಸ್ 9 ಲೈವ್ಸ್' ತಂದಿತು. ಸ್ವಲ್ಪ ಉದ್ದವಾಯಿತು ಎಂದರು, ಮೊದಲ ಡಿಸ್ಕಿನ ಹೊದಿಕೆಯನ್ನೂ ಬಿಚ್ಚದವರು. ಅಳತೆ ಯಾವುದೇ ಇರಲಿ, ಕೇಳದೆ ಇರುವುದಕ್ಕೆ ಅದು ಸರಿಯಾಗಿ ಹೊಂದಿಕೊಳ್ಳುತ್ತದೆ.

ಕೇಳದೆ ಬೈಯುವುದರಲ್ಲಿ ನಾವು ಏರಿದ ಎತ್ತರವನ್ನು ಅಳೆಯಬೇಕಾದರೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಆಲ್ಬಮಿಗೇ ಬರಬೇಕು. ಮೈಸೂರಿನಲ್ಲಿ ಮೈಕ್ರೊಬಯಾಲಜಿ ಓದಿ ಚಿನ್ನದ ಪದಕ ಪಡೆದ, ಭರತನಾಟ್ಯ ಕಲಿತ ಹುಡುಗನೊಬ್ಬ ಗೆಳೆಯನ ಸವಾಲಿಗೆ ಗಿಟಾರ್ ಹಿಡಿದು, ಕೊನೆಗೆ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಹತ್ತಿದ. ವಿಶಾಲ್-ಶೇಖರ್ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ತಂದ ಆ ಆಲ್ಬಮಿನಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಜೊತೆಗೆ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಹಿಂದಿ ಹಾಡಿದ್ದಕ್ಕೆ ಕನ್ನಡಾಭಿಮಾನಿಗಳು ಮುನಿಸಿಕೊಂಡರು. ಕನ್ನಡ ಹಾಡಿದ್ದಕ್ಕೆ ರಾಕ್ ಅಭಿಮಾನಿಗಳು ಮೂಗು ಮುರಿದರು. ಶರೀಫರನ್ನು ಹಾಡಿದ್ದಕ್ಕೆ ಇಬ್ಬರೂ ಒಂದಾದರು. ಆಲ್ಬಮಿನಿಂದ ನಾಡಿಗೆ ಆದ ಮೊದಲ ಉಪಕಾರವೇ ಈ ಒಗ್ಗಟ್ಟು.

2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆ ವರ್ಷದ ಹೊಸ ಪ್ರತಿಭೆ ಎಂದು ಪ್ರಶಸ್ತಿ ಕೊಟ್ಟಿತು. ಆಗ ನಮ್ಮವರ ಕಿವಿ ಏಕಾಏಕಿ ತೆರೆದುಕೊಂಡಿತು. ಶಿಗ್ಗಾವಿ ತಾಲ್ಲೂಕಿನ ಶರೀಫರು ಲಂಡನ್ನಿನಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಮೇಲೆ ಹುಬ್ಬಳ್ಳಿ ಬೆಂಗಳೂರಿನವರಿಗೆ ಇಂಪಾದರು. ಮೊದಲು ಮೂಗು ಮುರಿದವರೇ 'ನಾನು ಅವತ್ತೇ ಹೇಳಿದ್ದೆ' ಎನ್ನತೊಡಗಿದರು. ಹೇಳಿದ್ದರು, ನಿಜ, ಏನು ಹೇಳಿದ್ದರು ಎಂಬುದನ್ನಷ್ಟೇ ಮರೆತಿದ್ದರು.

ಎಲ್ಲರೂ ಹೀಗೆ ಪಕ್ಷಾಂತರ ಮಾಡಲಿಲ್ಲ ಎನ್ನುವುದಕ್ಕೆ ಆಂಧ್ರದ ಮಂಗಳಗಿರಿಯಲ್ಲಿ ನೆಲೆಸಿರುವ ನಮ್ಮ ಕಾಕಾ ಸಾಕ್ಷಿ. ಮೂಲ ಶಿಗ್ಗಾವಿ ಕಡೆಯವರು; ಹಾಗಾಗಿ ಶರೀಫರು ತಮ್ಮ ಪಿತ್ರಾರ್ಜಿತ ಆಸ್ತಿ ಎಂಬ ತಿಳಿವಳಿಕೆ. ವಿಜಯವಾಡದ ಪಕ್ಕದ ಆ ನೇಕಾರರ ಊರಿನಲ್ಲಿ ಕೈಮಗ್ಗದ ಬಟ್ಟೆ ಕೊಂಡು ಹುಬ್ಬಳ್ಳಿಯ ಅಂಗಡಿಗಳಿಗೆ ಕಳಿಸುವುದು ಅವರ ಉದ್ಯೋಗ. ಹೋದ ಸಲ ಅವರ ಮನೆಯಲ್ಲಿ ಈ ಆಲ್ಬಂ ಹಾಕಿದೆ. ಮಾಳಿಗೆಯ ಪದ ಶುರುವಾಗಿ ಡ್ರಮ್ಮಿನ ಪೆಟ್ಟು ಬಿತ್ತೋ ಇಲ್ಲವೋ, ಕಾಕಾ ಕೈ ಎತ್ತಿದರು.

"ಬಂದ್ ಮಾಡೋ ತಮ್ಮಾ. ಶರೀಫಜ್ಜನ ಪದಕ್ಕ ಡ್ರಮ್ ಬಡಿತಾರಂದ್ರ ಏನ್ ಹೇಳೂದು! ಮೂಲ ಧಾಟಿನ ಬ್ಯಾರೆ ಐತಿ."

"ಮೂಲ ಧಾಟಿ ಯಾವುದು ಕಾಕಾ?"

"ಅಶ್ವಥ್ ಹಾಡಿದ್ದು! ಸಿನಿಮಾ ನೋಡಿಲ್ಲೇನು?"

ನೋಡಿದ್ದೇನೆ. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದದ್ದು 1990ರಲ್ಲಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ನಡುವೆ ಒಂದು ಶತಮಾನವೇ ಇದೆ. ಕಾಕಾ ಅದನ್ನು ಒಂದೇ ಹೆಜ್ಜೆಗೆ ದಾಟಿಬಿಟ್ಟರು. ಇಂಡಿಯಾದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಸಲ ಧ್ವನಿ ಮುದ್ರಿಸಿಕೊಂಡದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಶರೀಫರು ಹೋಗಿ ಆಗಲೇ ಹದಿಮೂರು ವರ್ಷ. ಅವರ ಗಂಟಲು ಹೇಗಿತ್ತು, ಯಾವ ಪದವನ್ನು ಎಷ್ಟು ಎಳೆದು ಹಾಡುತ್ತಿದ್ದರು, ಎಲ್ಲಿ ನಿಲ್ಲಿಸಿ ಗುರು ಗೋವಿಂದ ಭಟ್ಟರ ಮುಖ ನೋಡುತ್ತಿದ್ದರು ಎಂಬುದನ್ನು ಬಲ್ಲ ಒಂದು ಯಂತ್ರವಾಗಲಿ ಒಬ್ಬ ಮನುಷ್ಯನಾಗಲಿ ಇವತ್ತು ಈ ಭೂಮಿಯ ಮೇಲಿಲ್ಲ. ಉಳಿದದ್ದು ಊರೂರ ಭಜನಾ ಮೇಳಗಳು ಬಾಯಿಂದ ಬಾಯಿಗೆ ದಾಟಿಸಿದ ಧಾಟಿಗಳು, ಅವೂ ಊರಿಗೊಂದು. ಅಶ್ವಥ್ ಅವುಗಳನ್ನು ತಮ್ಮ ಕಂಚಿನ ಕಂಠದಲ್ಲಿ, ವಾದ್ಯಗೋಷ್ಠಿ ಸಮೇತ ಹೊಸದಾಗಿ ಎರಕ ಹೊಯ್ದರು. ಅದು ಅವರ ದೊಡ್ಡಸ್ತಿಕೆ. ಶರೀಫರ ತಂಬೂರಿಯ ಪಕ್ಕ ಆ ವಾದ್ಯಗೋಷ್ಠಿ ಯಾವತ್ತು ಕೂತಿತ್ತು ಎಂದು ಯಾರೂ ಕೇಳಲಿಲ್ಲ, ಕೇಳಬಾರದು ಕೂಡ.

ಕೇಳಿದವರು ಇರಲಿಲ್ಲವೆಂದಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಸುಗಮ ಸಂಗೀತ ಮನೆಮನೆಗೆ ಹೊಕ್ಕ ಕಾಲದಲ್ಲಿ, ಕವಿತೆಗೆ ತಬಲಾ ಕಟ್ಟಿದರೆ ಕವಿತೆ ಸತ್ತಂತೆ ಎಂದು ಗೊಣಗುವ ಹಿರಿಯರಿದ್ದರು. ಅವರ ಪ್ರಕಾರ ಕವಿತೆಯನ್ನು ಓದಬೇಕು, ಹೆಚ್ಚೆಂದರೆ ಗಮಕಿಗಳು ವಾಚಿಸಬೇಕು. ಆ ಹಿರಿಯರು ಬೈದ ಹಾಡುಗಳನ್ನೇ ಕೇಳುತ್ತ ಬೆಳೆದ ಕಾಕಾ ಈಗ ಅದೇ ಹಾಡುಗಳ ಕಾವಲಿಗೆ ನಿಂತಿದ್ದಾರೆ. ಬೈಗುಳವೊಂದೇ ಯಾವ ಧಾಟಿಯೂ ಬದಲಾಗದೆ ಪರಂಪರೆಯಾಗಿ ಇಳಿದು ಬಂದಿರುವುದು.

ಹೊರಗಿನವರು ನಮಗಿಂತ ಮೇಲು ಎಂದು ಯಾರೂ ಕೊರಗಬೇಕಿಲ್ಲ. 1966ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡುತ್ತಿದ್ದಾಗ ಸಭೆಯಿಂದ ಒಬ್ಬ, ಏಸುವನ್ನು ಹಿಡಿದುಕೊಟ್ಟ ಜೂಡಾಸನ ಹೆಸರು ಹಿಡಿದು ಕೂಗಿದ್ದ. ಆದರೆ ಅವನು ಟಿಕೆಟ್ ಕೊಂಡು, ಸಭಾಂಗಣಕ್ಕೆ ಬಂದು, ಕೂತು ಕೇಳಿ ಆಮೇಲೆ ಕೂಗಿದ. ನಮ್ಮ ಕಾಕಾ ಆರಾಮಕುರ್ಚಿಯಿಂದ ಏಳಲಿಲ್ಲ.

ಹೀಗೆ ಧಾಟಿ ಬದಲಾಗಬಾರದೆಂದು ಹಟ ಹಿಡಿದ ಮನುಷ್ಯ ಮಾರುವುದೇನು? ಮಂಗಳಗಿರಿಯಲ್ಲಿ ಗುಂಡಿಮಗ್ಗದ ಮೇಲೆ ನೇಯುವ ನಿಜಾಮ್ ಅಂಚಿನ ಹತ್ತಿ ಸೀರೆ ಹೆಸರುವಾಸಿ. ಈಗ ಸೀರೆಗಿಂತ ಚೂಡಿದಾರದ ಬಟ್ಟೆಗೆ, ಕುರ್ತಾಕ್ಕೆ ಗಿರಾಕಿ ಹೆಚ್ಚು. ಅದೇ ನೂಲು, ಅದೇ ಜರಿ ಅಂಚು ಕತ್ತರಿಗೆ ಸಿಕ್ಕಿ ತೋಳಿನ ತುದಿಗೆ, ಕಾಲರಿಗೆ ಏರಿವೆ. ಸೀರೆಯ ಸಂಪ್ರದಾಯ ಕೆಟ್ಟಿತಲ್ಲ ಕಾಕಾ ಎಂದೆ. "ಕಾಲಕ್ಕ ತಕ್ಕಂಗ ಇರಬೇಕಪಾ, ಇಲ್ಲಾಂದ್ರ ನೇಕಾರ ಬದುಕಬೇಕೋ ಬ್ಯಾಡೋ?" ಎಂದರು. ನೇಕಾರ ಬದುಕಬೇಕು, ಸರಿ. ಹಾಡುವವನು ಬದುಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಅವರ ಮಗಳು. ವಿಜಯವಾಡದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಕಿವಿಯಿಂದ ಇಯರ್‌ಫೋನ್ ತೆಗೆಯುವುದು ಊಟಕ್ಕಷ್ಟೇ. ಸುತ್ತಮುತ್ತ ತೆಲುಗು ಸಿನಿಮಾ ಹಾಡಿನ ಅಬ್ಬರ. ಅದರ ನಡುವೆ ತಾನು ಬೇರೆ ಎಂದು ತೋರಿಸಲು ಅವಳಿಗೆ ರಾಕ್ ಬೇಕು. "ಅಪ್ಪಾ, ನಿಂಗ ತಿಳಿಯಂಗಿಲ್ಲ ಬಿಡು. ಫಸ್ಟ್ ಆಲ್ಬಂ ಮಸ್ತ್ ಐತಿ. ಆಮ್ಯಾಲೆ ಸಿನಿಮಾಕ್ಕ ಹೋಗಿ ಕಮರ್ಷಿಯಲ್ ಆದ್ರು" ಎಂದಳು. ಫಸ್ಟ್ ಆಲ್ಬಂ ಬಂದಾಗ ಅವಳಿಗೆ ಅಂಗನವಾಡಿಯ ವಯಸ್ಸು. ಅಂದಿನಿಂದಲೂ ತಂಡದ ಅವನತಿಯನ್ನು ಕಣ್ಣಾರೆ ಕಂಡ ದಣಿವು ಅವಳ ದನಿಯಲ್ಲಿತ್ತು. ಆಮೇಲೆ ಮೊಬೈಲ್ ಮುಂದೆ ಹಿಡಿದು, ಅದೇ ಮಾಳಿಗೆಯ ಪದವನ್ನು ಯಾರೋ ಹುಡುಗ ಕಂಪ್ಯೂಟರಿನ ತಾಳಕ್ಕೆ ಕೂರಿಸಿದ ಒಂದು ತುಣುಕು ಕೇಳಿಸಿದಳು. "ನೋಡಣ್ಣಾ, ಒರಿಜಿನಲ್ ಹೆಂಗ್ ಹಾಳ್ ಮಾಡ್ಯಾರ!" ಅವಳ ಒರಿಜಿನಲ್ ಎಂದರೆ ರಘು ದೀಕ್ಷಿತ್. ಅಪ್ಪ ಮಗಳು ಹಾಡಿನ ಬಗ್ಗೆ ಜಗಳ ಆಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಇಬ್ಬರದೂ ಒಂದೇ ಧರ್ಮ. ಪ್ರವಾದಿ ಮಾತ್ರ ಬೇರೆ ಬೇರೆ. ಹದಿನೆಂಟರ ಆಸುಪಾಸಿನಲ್ಲಿ ಕಿವಿಗೆ ಬಿದ್ದದ್ದು ಅಪೌರುಷೇಯ, ಆಮೇಲೆ ಬಂದದ್ದೆಲ್ಲ ಅಪಚಾರ.

ಮಂಗಳಗಿರಿಯಲ್ಲಿ ಕೂತು ಮಾಳಿಗೆ ಸೋರುವ ಪದವನ್ನು ಬೈಯುವುದಕ್ಕೆ ವಿಶೇಷ ಧೈರ್ಯವೂ ಬೇಕು. ಅಲ್ಲಿಂದ ಸ್ವಲ್ಪ ದೂರದ ವೆಲಗಪೂಡಿಯಲ್ಲಿ ಅಮರಾವತಿ ರಾಜಧಾನಿಗೆಂದು ಹೊಸ ವಿಧಾನಸಭಾ ಕಟ್ಟಡ ಉದ್ಘಾಟನೆಯಾದದ್ದು 2017ರ ಮಾರ್ಚಿನಲ್ಲಿ. ಜೂನಿನಲ್ಲಿ ಮಳೆ ಬಂತು, ವಿರೋಧ ಪಕ್ಷದ ನಾಯಕರ ಕೊಠಡಿ ಸೋರಿತು. ಪೈಪನ್ನು ಯಾರೋ ಕತ್ತರಿಸಿದ್ದಾರೆ ಎಂದು ಸಿಐಡಿ ತನಿಖೆಯವರೆಗೂ ಮಾತು ಹೋಯಿತು. ಮಾಳಿಗೆ ಸೋರುವುದು ಮನೆಯೊಳಗಿನವನ ಅಜ್ಞಾನದಿಂದ ಎಂಬುದು ಶರೀಫರ ಅಂಬೋಣ. ಆಡಳಿತಕ್ಕೆ ಅಷ್ಟು ಸರಳ ಉತ್ತರ ರುಚಿಸುವುದಿಲ್ಲ, ಯಾರೋ ಹೊರಗಿನವನು ಬಂದು ಕತ್ತರಿಸಿರಲೇಬೇಕು. ನಮ್ಮ ಕೇಳುಗ ಮಹಾಶಯರ ಪತ್ತೇದಾರಿಯೂ ಇದೇ ಜಾಡಿನದು. ಹಾಡು ಒಳಗೆ ಇಳಿಯುತ್ತಿಲ್ಲವೆಂದರೆ ತನ್ನ ಕಿವಿಯ ಕಡೆ ನೋಡುವ ಪ್ರಶ್ನೆಯೇ ಇಲ್ಲ. ತಪ್ಪಿತಸ್ಥ ಗಿಟಾರ್, ಕುಮ್ಮಕ್ಕು ಕೊಟ್ಟದ್ದು ಡ್ರಮ್, ಪಿಟೀಲು ಸಾಕ್ಷಿ.

ಅದೇ ಊರಿನ ಬೆಟ್ಟದ ಮೇಲೆ ಇನ್ನೊಬ್ಬ ಗ್ರಾಹಕನಿದ್ದಾನೆ, ಪಾನಕಾಲ ನರಸಿಂಹಸ್ವಾಮಿ. ಭಕ್ತರು ಬೆಲ್ಲದ ಪಾನಕ ತಂದರೆ ಅರ್ಚಕರು ಅದನ್ನು ಶಂಖದಲ್ಲಿ ತುಂಬಿ ದೇವರ ಬಾಯಿಗೆ ಹೊಯ್ಯುತ್ತಾರೆ. ಗುಟುಕರಿಸುವ ಸದ್ದು ಕೇಳಿಸುತ್ತದೆ. ಕೊಡ ದೊಡ್ಡದಿರಲಿ ಚಿಕ್ಕದಿರಲಿ, ಸರಿಯಾಗಿ ಅರ್ಧ ಕುಡಿದು ಉಳಿದರ್ಧವನ್ನು ಪ್ರಸಾದವಾಗಿ ಬಿಡುತ್ತಾನೆಂದು ನಂಬಿಕೆ. ಇಷ್ಟು ಬೆಲ್ಲ ಹರಿದರೂ ಅಲ್ಲಿ ಇರುವೆಯಿಲ್ಲ, ನೊಣವಿಲ್ಲ ಎನ್ನುತ್ತಾರೆ. ಈ ಬೆಟ್ಟ ಒಂದು ಕಾಲದ ಜ್ವಾಲಾಮುಖಿ, ಬೆಲ್ಲದ ನೀರು ಅದನ್ನು ತಣ್ಣಗಿಡುತ್ತದೆ ಎಂದು ವಿಜ್ಞಾನದ ಲೇಪ ಹಚ್ಚುವವರೂ ಇದ್ದಾರೆ. ಅದೇನೇ ಇರಲಿ, ಸ್ವಾಮಿಯ ಶಿಸ್ತು ನೋಡಿ. ತಂದವನ ಜಾತಿ ಕೇಳುವುದಿಲ್ಲ. ಹೋದ ವರ್ಷದ ಪಾನಕ ಇದಕ್ಕಿಂತ ಚೆನ್ನಾಗಿತ್ತು ಎನ್ನುವುದಿಲ್ಲ. ಮೂಲ ಬೆಲ್ಲ ಎಲ್ಲಿ ಎಂದು ಗದರುವುದಿಲ್ಲ. ಮೊದಲು ಕುಡಿಯುತ್ತಾನೆ, ಆಮೇಲೆ ಮರಳಿಸುತ್ತಾನೆ. ನಮ್ಮ ಆಲ್ಬಂ ಪಂಡಿತರು ಗುಟುಕೂ ಇಳಿಸದೆ ಪೂರ್ತಿ ಕೊಡವನ್ನು ಉಗುಳಬಲ್ಲರು. ಕುಡಿಯದ್ದನ್ನು ಉಗುಳುವ ಈ ಪವಾಡ ಉಗ್ರನರಸಿಂಹನಿಗೂ ಸಿದ್ಧಿಸಿಲ್ಲ.

ಇಷ್ಟೆಲ್ಲ ಬೈದ ಮೇಲೆ ನನ್ನ ಅಭಿಪ್ರಾಯವನ್ನೂ ಒಪ್ಪಿಸಬೇಕಾದದ್ದು ನ್ಯಾಯ. ಆಲ್ಬಂ ಪೂರ್ತಿ ಕೇಳಿದ್ದೇನೆ. ಇಂಗ್ಲಿಷ್ ಪ್ರೇಮಗೀತೆ ಮುದ್ದಾಗಿದೆ, ಅದರಾಚೆ ಏನಿಲ್ಲ. ಹಿಂದಿ ಹಾಡುಗಳಲ್ಲಿ ಹಂಬಲ ತುಸು ಹೆಚ್ಚು ಸುರಿದಿದೆ. ಶರೀಫರ ಎರಡು ಪದಗಳಲ್ಲಿ ಮಾತ್ರ ಗಾಯಕನಿಗೆ ಯಾರನ್ನೂ ಮೆಚ್ಚಿಸುವ ದರ್ದಿಲ್ಲ, ಪಿಟೀಲಿಗೂ ಬಾಸ್ ಗಿಟಾರಿಗೂ ಹೇಳಿಕೊಳ್ಳಲು ಸ್ವಂತದ್ದೇನೋ ಇದೆ. ಮಾಳಿಗೆಯ ಪದದಲ್ಲಿ ಡ್ರಮ್ ಬೇಕಿತ್ತೇ ಎಂದರೆ, ಬೇಕಿತ್ತು. ತಲೆಯ ಮೇಲಿನ ಸೂರು ಸೋರುತ್ತಿರುವಾಗ ಮಲಗಿದವನನ್ನು ಎಬ್ಬಿಸಲು ಸ್ವಲ್ಪ ಗದ್ದಲ ಆಗಲೇಬೇಕು. ಅಶ್ವಥ್ ಅವನನ್ನು ಗದರಿಸಿ ಎಬ್ಬಿಸಿದ್ದರು, ಇವರು ಕುಣಿಸಿ ಎಬ್ಬಿಸಿದರು. ಶರೀಫರು ಹೇಗೆ ಎಬ್ಬಿಸುತ್ತಿದ್ದರೋ ಕಂಡವರಿಲ್ಲ. ಅವರ ಹೆಸರಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡುವ ವಕಾಲತ್ತನ್ನು ನಮಗೆ ಯಾರೂ ಕೊಟ್ಟಿಲ್ಲ.

ಇದನ್ನು ಒಪ್ಪದವರು ಧಾರಾಳವಾಗಿ ಬೈಯಬಹುದು, ಒಂದೇ ನಿಬಂಧನೆ. ಪೂರ್ತಿ ಕೇಳಿದವರು ಪೂರ್ತಿ ಬೈಯಲಿ. ಅರ್ಧ ಕೇಳಿದವರು ಅರ್ಧ ಬೈದು ಮಿಕ್ಕದ್ದನ್ನು ಬಾಕಿ ಇಟ್ಟುಕೊಳ್ಳಲಿ. 30 ಸೆಕೆಂಡ್ ಕೇಳಿದವರಿಗೆ 'ಛೆ' ಎನ್ನುವಷ್ಟು ಹಕ್ಕಿದೆ. ಹಾಕುವ ಮೊದಲೇ ಬಂದ್ ಮಾಡೋ ಎಂದವರು ಚಹಾ ಕುಡಿದು ಸುಮ್ಮನಿರತಕ್ಕದ್ದು.