ಚೆಂಡು ಮುಟ್ಟದವನ ಲೆಕ್ಕ: ಭದ್ರಾ ಡ್ಯಾಮ್ ಜತೆ ಒಂದು ಮಾತುಕತೆ

ಶನಿವಾರ ಬಂತೆಂದರೆ ಅಮೆರಿಕ ಸೇರಿದ ನಮ್ಮ ಕಡೆ ಹುಡುಗರಿಗೂ ಕಾಲೇಜು ಫುಟ್‌ಬಾಲ್ ಜ್ವರ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಹಿಡಿದು ಓಡುವುದು. ಅದರಲ್ಲಿ ‘ವೈಡ್ ರಿಸೀವರ್’ ಎಂಬೊಬ್ಬ ಇರುತ್ತಾನೆ. ದೂರಕ್ಕೆ ಓಡಿ ಚೆಂಡು ಹಿಡಿಯುವುದು ಅವನ ಕಸುಬು. ಚೆಂಡು ಇನ್ನೊಬ್ಬನ ಕೈಯಲ್ಲಿದ್ದಾಗ ಮಾತ್ರ ಅವನು ಎದುರಾಳಿಗೆ ಅಡ್ಡ ನಿಲ್ಲಬೇಕು. ಆ ಕೆಲಸಕ್ಕೆ ಬೆಲೆ ಎಷ್ಟು? ಅಡ್ಡ ನಿಲ್ಲುವುದರ ಬಗ್ಗೆ ಕೇಳಲು ಲಕ್ಕವಳ್ಳಿಯವರು ಬೇರೆ ಊರಿಗೆ ಹೋಗಬೇಕಿಲ್ಲ. 1960ರ ದಶಕದಿಂದ ನಿಂತಲ್ಲೇ ನಿಂತವರು ಇಲ್ಲೇ ಇದ್ದಾರೆ.

ನಾನು: ಯಜಮಾನರೇ, ಅಮೆರಿಕದ ಫುಟ್‌ಬಾಲ್ ಗೊತ್ತಾ ನಿಮಗೆ?

ಡ್ಯಾಮ್: ಗೊತ್ತಿಲ್ಲದೆ ಏನು ಮಾರಾಯ! ರಿವರ್ ಟರ್ನ್ ಹಕ್ಕಿ ನೋಡ್ತೀವಿ ಅಂತ ದೋಣಿ ಹತ್ತೋರು ಹಕ್ಕಿ ಬಿಟ್ಟು ಮೊಬೈಲ್ ನೋಡ್ತಾರೆ. ನಾನೂ ಇಣುಕ್ತೀನಿ.

ನಾನು: ನೋಡಿ ಏನು ತಿಳೀತು?

ಡ್ಯಾಮ್: ಮುಂದಿನ ಸಾಲಿನಲ್ಲಿ ಐದು ಜನ ಭಾರೀ ಆಸಾಮಿಗಳು. ಅವರು ತಳ್ಳಾಡಿ ಒಂದು ಸಂದು ಮಾಡ್ತಾರೆ, ಚೆಂಡು ಹಿಡಿದವನು ಅದರಲ್ಲಿ ನುಗ್ತಾನೆ. ಅಷ್ಟಕ್ಕೆ ಐದೋ ಎಂಟೋ ಗಜ ಸಿಕ್ಕೀತು. ಅದರಾಚೆ ಕಾರ್ನರ್‌ಬ್ಯಾಕ್, ಸೇಫ್ಟಿ ಅಂತ ಚುರುಕು ಹುಡುಗರು ಕಾಯ್ತಿರ್ತಾರೆ. ಈ ದಡೂತಿಗಳು ಅಲ್ಲೀವರೆಗೆ ಓಡಿ ತಲುಪೋ ಹೊತ್ತಿಗೆ ಆಟ ಮುಗಿದಿರುತ್ತೆ. ಅಲ್ಲಿ ಮೊದಲೇ ಇರೋನು ರಿಸೀವರ್. ಅವನು ಎದುರಾಳೀನ ಬೀಳಿಸಬೇಕಂತಲೂ ಇಲ್ಲ. ಎರಡು ಸೆಕೆಂಡು ಎದೆಗೆ ಎದೆ ಕೊಟ್ಟು ದಾರೀಲಿ ನಿಂತರೆ ಸಾಕು, ಎಂಟು ಗಜ ಎಂಬತ್ತಾಗುತ್ತೆ.

ನಾನು: ಎಂಬತ್ತೂ ಯಾರ ಹೆಸರಿಗೆ?

ಡ್ಯಾಮ್: ಇನ್ಯಾರದು, ಓಡಿದವನ ಹೆಸರಿಗೆ. ಅಂಕಪಟ್ಟೀಲಿ ಅಡ್ಡ ನಿಂತವನಿಗೆ ಕಾಲಂ ಇಲ್ಲ. ಹೈನ್ಸ್ ವಾರ್ಡ್ ಅಂತ ಒಬ್ಬ ಇದ್ದ, ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಆಡಿ ಪಿಟ್ಸ್‌ಬರ್ಗ್‌ಗೆ ಹೋದವನು. ಅಡ್ಡ ನಿಲ್ಲೋದರಲ್ಲಿ ಅವನಂಥ ರಿಸೀವರ್ ಅಪರೂಪ. ವೃತ್ತಿಪರ ಆಟದಲ್ಲಿ ಅವನು ಹಿಡಿದ ಚೆಂಡು ಸರಿಯಾಗಿ 1,000. ಅದನ್ನ ಬರೆದಿಟ್ಟಿದ್ದಾರೆ. ಎಷ್ಟು ಸಲ ಅಡ್ಡ ನಿಂತ? ಅಧಿಕೃತ ಪುಸ್ತಕಕ್ಕೆ ಅದು ಬೇಕಿಲ್ಲ. 2008ರಲ್ಲಿ ಅವನು ಅಡ್ಡ ಬಂದ ರಭಸಕ್ಕೆ ಎದುರಾಳಿಯ ದವಡೆ ಮುರೀತು. ಮಾರನೇ ವರ್ಷ ಹಾಗೆ ಕಾಣದ ಕಡೆಯಿಂದ ತಲೆಗೆ ಗುದ್ದೋ ಹಾಗಿಲ್ಲ ಅಂತ ನಿಯಮ ಬಂತು. ಜನ ಅದಕ್ಕೆ ಅವನ ಹೆಸರನ್ನೇ ಇಟ್ಟರು. ನೋಡು, ತಡೆಯೋನ ಹೆಸರು ಪುಸ್ತಕಕ್ಕೆ ಏರಬೇಕಾದರೆ ಏನಾದ್ರೂ ಮುರೀಬೇಕು. ನಾನೂ ಅಷ್ಟೇ. ಬಿರುಕು ಬಿಟ್ಟರೆ ಮಾತ್ರ ಮುಖಪುಟ.

ನಾನು: ಹಾಗನ್ನಬೇಡಿ. ಮಳೆಗಾಲದಲ್ಲಿ ದಿನಾ ಪತ್ರಿಕೇಲಿ ಬರ್ತೀರಲ್ಲ?

ಡ್ಯಾಮ್: ಏನು ಬರುತ್ತೆ ಹೇಳು. ಗರಿಷ್ಠ ಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು, ಹೊರಹರಿವು. ಅದೆಲ್ಲ ನೀರಿನ ಲೆಕ್ಕ ಕಣಯ್ಯ. ಗೋಡೆ ಎಷ್ಟು ತಡೀತು ಅಂತ ಒಂದು ಗೆರೆ ಇದೆಯಾ? ತುಂಬಿದ ವರ್ಷ ದೊಡ್ಡೋರು ಬಂದು ಬಾಗಿನ ಬಿಡ್ತಾರೆ. ಮೊರ, ಸೀರೆ, ಬಳೆ, ಅರಿಶಿನ, ಕುಂಕುಮ ಎಲ್ಲ ನೀರಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಫೋಟೋದಲ್ಲಿ ನಾನಿರ್ತೀನಿ, ಅವರು ಒರಗಿ ನಿಂತ ಕಟ್ಟೆಯಾಗಿ.

ನಾನು: ಸ್ವಲ್ಪ ಕಹಿ ಜಾಸ್ತಿಯಾಯ್ತು. ಆಟಕ್ಕೆ ಬರೋಣ. ಚೆಂಡು ಹಿಡಿಯೋ ಹೀರೋಗೆ ಈ ಕೂಲಿ ಕೆಲಸ ಯಾಕೆ?

ಡ್ಯಾಮ್: ಅವನೂ ಅದನ್ನೇ ಕೇಳ್ತಾನೆ. ಕೋಚ್‌ಗಳ ಹತ್ರ ಒಂದೇ ಉತ್ತರ, ಅಡ್ಡ ನಿಲ್ಲದವನಿಗೆ ಚೆಂಡಿಲ್ಲ. ಆಟದ ಮಾರನೇ ದಿನ ವಿಡಿಯೋ ಹಾಕಿ ಯಾರು ನಿಂತ, ಯಾರು ನಿಂತ ಹಾಗೆ ನಟಿಸಿದ ಅಂತ ಅಂಕ ಕೊಡ್ತಾರೆ. ನಟಿಸೋರೇ ಜಾಸ್ತಿ ಅನ್ನು. ಆದರೆ ನಿಜವಾಗಿ ನಿಂತವನಿಗೆ ಲಾಭವೂ ಇದೆ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಗೊತ್ತಲ್ಲ, ಹುಡುಗರು ಎಂಎಸ್ ಓದೋಕೆ ಹೋಗೋದು? ಪಾಲ್ ಜಾನ್ಸನ್ ಕೋಚ್ ಆಗಿದ್ದಾಗ ಆ ತಂಡ ಚೆಂಡು ಎಸೀತಿದ್ದದ್ದೇ ಕಮ್ಮಿ, ಓಡೋದೇ ಓಡೋದು. ಡಿಮೇರಿಯಸ್ ಥಾಮಸ್ ಅನ್ನೋ ರಿಸೀವರ್‌ಗೆ ಬಹುಪಾಲು ಅಡ್ಡ ನಿಲ್ಲೋದೇ ಕೆಲಸ. ಎದುರಾಳಿ, ಇವನು ಮತ್ತೆ ಅಡ್ಡ ಬಂದ ಅಂತ ಕಾಲೂರಿ ನಿಂತಾಗ ಪಕ್ಕದಿಂದ ನುಣುಚಿ ಓಡಿರೋನು. ಚೆಂಡು ತಲೆ ಮೇಲಿಂದ ಬರೋದು. 2009ರಲ್ಲಿ ಹಿಡಿದದ್ದು 46, ದೂರ 1,154 ಗಜ. ಮರುವರ್ಷ ಡೆನ್ವರ್ ತಂಡದವರು ಮೊದಲ ಸುತ್ತಿನಲ್ಲೇ ಎತ್ತಿಕೊಂಡರು.

ನಾನು: ನಮ್ಮಲ್ಲಿ ಅಂಥವರು ಯಾರಿದ್ದಾರೆ?

ಡ್ಯಾಮ್: ಕಡೂರಿನ ಆಚೆ ಅರಸೀಕೆರೆ ತಾಲ್ಲೂಕಿನಲ್ಲಿ ಜಾವಗಲ್ ಅಂತ ಊರಿದೆ. ಆ ಊರಿನ ಹೆಸರು ಹೊತ್ತ ಶ್ರೀನಾಥ್‌ಗಿಂತ ಬೇಕಾ? 1999, ಫೆಬ್ರವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದೆ, ಒಂಬತ್ತೂ ಅನಿಲ್ ಕುಂಬ್ಳೆದು. ಇನ್ನೊಂದು ತುದಿಯಿಂದ ಬೌಲಿಂಗ್ ಶ್ರೀನಾಥ್‌ದು. ದೇಶದಲ್ಲೇ ವೇಗದ ಬೌಲರ್, ಎದುರಿಗೆ ಬಾಲಂಗೋಚಿ. ಒಂದು ನೇರ ಚೆಂಡು ಹಾಕಿದ್ದರೆ ವಿಕೆಟ್ ಅವರದು. ಸ್ಟಂಪಿನ ಹತ್ರವೇ ಸುಳೀಲಿಲ್ಲ ಪುಣ್ಯಾತ್ಮ. ಆಫ್ ಸ್ಟಂಪಿಂದ ದೂರ, ಇನ್ನೂ ದೂರ. ವೈಡ್ ಅಂತ ಅಂಪೈರ್ ಕೈ ಚಾಚೋ ಅಷ್ಟು ದೂರ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನ ಲಕ್ಷ್ಮಣ್ ಹಿಡಿದರು. ಕುಂಬ್ಳೆ 74ಕ್ಕೆ 10. ಆ ಇನಿಂಗ್ಸಿನ ಪಟ್ಟೀಲಿ ಶ್ರೀನಾಥ್ ಹೆಸರಿನ ಮುಂದೆ ಸೊನ್ನೆ. ನನ್ನ ಕೇಳಿದರೆ ಆ ಸೊನ್ನೆಗೆ ಒಂದು ಬಾಗಿನ ಬಿಡಬೇಕು.

ನಾನು: ಆದ್ರೆ ಅವರು ಯಾರನ್ನೂ ತಡೀಲಿಲ್ಲವಲ್ಲ?

ಡ್ಯಾಮ್: ತನ್ನನ್ನೇ ತಡೆದುಕೊಂಡರು. ಎದುರಾಳೀನ ತಡೆಯೋದು ಅದಕ್ಕಿಂತ ಸಲೀಸು.

ನಾನು: ಈ ಫುಟ್‌ಬಾಲ್‌ನಲ್ಲಿ ಎದುರಾಳೀನ ಹಿಡಿದುಕೊಂಡರೆ ಹತ್ತು ಗಜ ದಂಡವಂತೆ. ನೀವು 71.5 ಟಿಎಂಸಿ ಹಿಡಿದು ಕೂತಿದ್ದೀರಿ. ನಿಮಗೆ ದಂಡ ಇಲ್ವಾ?

ಡ್ಯಾಮ್: ಇಲ್ಲದೆ ಏನು! ಬಿಟ್ಟರೆ ಬೇಸಿಗೆಗೆ ಏನು ಮಾಡ್ತೀರಿ ಅಂತ ಒಬ್ಬರು, ಹಿಡಿದರೆ ಭತ್ತ ಒಣಗ್ತಿದೆ ಅಂತ ಇನ್ನೊಬ್ಬರು. 2023ರ ಬರದಲ್ಲಿ ‘ಆನ್ ಅಂಡ್ ಆಫ್’ ಅಂತ ಸರದಿ ಪ್ರಕಾರ ನಾಲೆಗೆ ನೀರು ಬಿಟ್ಟರು. ದಾವಣಗೆರೆ ರೈತರು ರಸ್ತೆಗಿಳಿದರು. ಇನ್ನು ಭದ್ರಾ ಮೇಲ್ದಂಡೆ ವಿಷಯ. ತುಂಗೆ ನೀರನ್ನ ನನಗೆ ತುಂಬಿ, ನನ್ನಿಂದ ಎತ್ತಿ, ಅಜ್ಜಂಪುರದ ಸುರಂಗದಲ್ಲಿ ಚಿತ್ರದುರ್ಗದ ಕಡೆಗೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಅಂದರು. ಆ ದುಡ್ಡಿಗೆ ಅಡ್ಡ ನಿಂತವರು ಯಾರು ಅನ್ನೋದಕ್ಕೆ ಮಾತ್ರ ದೆಹಲಿ, ಬೆಂಗಳೂರು ಎರಡೂ ಕಡೆ ಪಕ್ಕಾ ಅಂಕಪಟ್ಟಿ ಇದೆ.

ನಾನು: ಹಾಗಾದ್ರೆ ಈ ಸೀಮೆಯ ವೈಡ್ ರಿಸೀವರ್ ನೀವೇ ಅಂತ ಬರ್ಕೊಳ್ಳಲಾ?

ಡ್ಯಾಮ್: ಬೇಡ, ಸುಳ್ಳಾಗುತ್ತೆ. ನಾನು ಮುಂದಿನ ಸಾಲಿನ ದಡೂತಿ. ನನ್ನ ಕೈಲಾಗೋದು ಮೊದಲ ಎಂಟು ಗಜ. ಇನ್ನೊಂದು ಮಾತು, ದಾರಿ ಬಿಟ್ಟುಕೊಟ್ಟವರಲ್ಲಿ ನಾನು ಮೊದಲಿಗನೂ ಅಲ್ಲ. ನನ್ನ ನೀರಿನಡಿ ಊರುಗಳಿವೆ. 1998ರಲ್ಲಿ ನನ್ನ ಸುತ್ತಲಿನ ಕಾಡು ಹುಲಿ ಮೀಸಲು ಆಯ್ತು. ಹುಲಿ ಓಡಾಡಲಿ ಅಂತ ಕಾಡೊಳಗಿನ ಊರು ಬಿಟ್ಟು ಎಂ.ಸಿ. ಹಳ್ಳಿಗೆ ಬಂದವರಿದ್ದಾರೆ. ಸಫಾರಿಯವರು ಹುಲಿ ಎಣಿಸ್ತಾರೆ. ಊರು ಬಿಟ್ಟವರನ್ನ ಎಣಿಸೋಕೆ ಯಾರೂ ಜೀಪು ಹತ್ತೋದಿಲ್ಲ.

ನಾನು: ಮತ್ತೆ ರಿಸೀವರ್ ಯಾರು?

ಡ್ಯಾಮ್: ನಾಲೆ ಮೇಲಿನ ಸೌಡಿ. ನಾನು ಗೇಟು ಎತ್ತಿದ ಕೂಡಲೇ ನೀರು ಮಲೇಬೆನ್ನೂರು, ಹರಿಹರದ ಕೊನೇ ಗದ್ದೆಗೆ ತಲುಪುತ್ತಾ? ದಾರಿ ಉದ್ದಕ್ಕೂ ರಾತ್ರಿ ಪಂಪ್‌ಸೆಟ್ ಇಳಿಸಿ ಎಳೆಯೋರು, ತೂಬು ಎತ್ತಿಟ್ಟು ಮಲಗೋರು. ಅವರಿಗೆ ಟಾರ್ಚು ಹಿಡಿದು ಅಡ್ಡ ನಿಂತು, ಬೈಸಿಕೊಂಡು, ಕೆಲವು ಸಲ ಹೊಡೆಸಿಕೊಂಡು ನೀರಿಗೆ ದಾರಿ ಬಿಡಿಸೋನು ಸೌಡಿ. ಕೊನೇ ಭಾಗದಲ್ಲಿ ಭತ್ತ ಕೊಯ್ದ ದಿನ, ಈ ಸಲ ಡ್ಯಾಮ್ ತುಂಬಿತ್ತು ಅಂತಾರೆ. ಹಿರಿಮೆ ಕೊನೆಗೂ ನನಗೇ ಬಂತು ನೋಡು!

ನಾನು: ನಾಳೆ ಹೇಗೂ ಹರಿಹರಕ್ಕೆ ಹೊರಟಿದ್ದೀನಿ. ಸೌಡಿ ಸಿಕ್ಕರೆ ಏನಾದ್ರೂ ಹೇಳಬೇಕಾ?

ಡ್ಯಾಮ್: ಸಂದರ್ಶನ ಮಾಡ್ತೀನಿ ಅಂತ ಹಗಲು ಹೋಗಿ ಎಬ್ಬಿಸಬೇಡ, ಪಾಪ ಮಲಗಿರ್ತಾನೆ. ರಾತ್ರಿ ಹೋಗು. ಹೋಗುವಾಗ ನೀನೂ ಒಂದು ಟಾರ್ಚು ತಗೋ.