ಎಂಬತ್ತೇಳರಿಂದ ಭಾಗಿಸಿದ ಬಾಗಲಕೋಟೆ

ಬಾಗಲಕೋಟೆಯ ನವನಗರದಲ್ಲಿ ಯಾವ ಸೆಕ್ಟರಿಗೆ ಹೋದರೂ ನಿವೃತ್ತರೊಬ್ಬರು ಸಿಕ್ಕೇ ಸಿಗುತ್ತಾರೆ, ಅವರಿಗೊಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ವಾಕಿಂಗು, ಕೆಲವರಿಗೆ ವಚನ, ಹಲವರಿಗೆ ಮುಳುಗಡೆ ಪರಿಹಾರದ ಹಳೆಯ ಫೈಲು. ನಮ್ಮ ಓವರ್‌ಸಿಯರ್ ಸಾಹೇಬ್ರ ಚಟ 87. ಕಣ್ಣಿಗೆ ಬಿದ್ದದ್ದನ್ನೆಲ್ಲ ಅವರು 87ರಿಂದ ಭಾಗಿಸುತ್ತಾರೆ. ಮದುವೆಗೆ ಹೋದರೆ ವರ ಎರಡು ಸೆಂಟಿಮೀಟರು ಎತ್ತರ ಇದ್ದಾನೆ ಅನ್ನುತ್ತಾರೆ. ಮಂಟಪ ಮಾತ್ರ ಸ್ವಲ್ಪ ದೊಡ್ಡದಾಯಿತಂತೆ.

ರೈಲಿನ ಪುಟ್ಟ ಪ್ರತಿಕೃತಿ ಮಾಡುವವರ ಜಗತ್ತಿನಲ್ಲಿ ಎಚ್‌ಓ ಎಂಬ ಅಳತೆ ಬಹಳ ಪ್ರಸಿದ್ಧ. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಈ ಲೆಕ್ಕದ ಹಳಿಯ ಅಗಲ 16.5 ಮಿಲಿಮೀಟರು. ಆದರೆ ನಮ್ಮ ದೇಶದ ಬ್ರಾಡ್‌ಗೇಜು 1676 ಮಿಲಿಮೀಟರು, ಭಾಗಿಸಿದರೆ 19.3 ಬರುತ್ತದೆ. ಅಂದರೆ ಅಂಗಡಿಯಲ್ಲಿ ಸಿಗುವ ಹಳಿ ಭಾರತದ ರೈಲಿಗೆ ಎರಡೂಮುಕ್ಕಾಲು ಮಿಲಿಮೀಟರಿನಷ್ಟು ಇಕ್ಕಟ್ಟು. ಈ ಎರಡೂಮುಕ್ಕಾಲು ಮಿಲಿಮೀಟರಿನ ದುಃಖ ಸಾಹೇಬ್ರನ್ನು ರಾತ್ರಿ ಎಬ್ಬಿಸಿ ಕೂರಿಸುತ್ತದೆ. ಬಿಪಿ ಗುಳಿಗೆ ಕೊಡುವ ಡಾಕ್ಟರರಿಗೂ ಅವರು ಇದನ್ನು ವಿವರಿಸಿದ್ದಾರೆ. ಡಾಕ್ಟರರು ಗುಳಿಗೆಯನ್ನು ಒಂದರಿಂದ ಎರಡಕ್ಕೆ ಏರಿಸಿದರು.

87ರಿಂದ ಭಾಗಿಸದೆ ಬಿಟ್ಟದ್ದು ಒಂದೇ, ಪೆನ್ಷನ್ನು. ಆದರೆ ಇಂಜಿನ್ನಿನ ಬೆಲೆಯನ್ನು ಮನೆಯಲ್ಲಿ ಹೇಳುವಾಗ ಅದೇ ಭಾಗಾಕಾರ ಮತ್ತೆ ಕೆಲಸಕ್ಕೆ ಬರುತ್ತದೆ.

ಟೆರೇಸಿನ ಮೇಲಿನ ಕೋಣೆ ಮೊದಲು ಜೋಳದ ಚೀಲಗಳದ್ದಾಗಿತ್ತು. ಈಗ ಅಲ್ಲಿ ಪ್ಲೈವುಡ್ಡಿನ ಮೇಲೆ ಗುಳೇದಗುಡ್ಡ ರೋಡಿನಿಂದ ಸೀತಿಮನಿಯವರೆಗೆ ಹಳಿ ಹಾಸಿದೆ, ಆಚೆ ಕೃಷ್ಣೆಯ ಸೇತುವೆ. ಗುಡ್ಡ ಥರ್ಮಾಕೋಲಿನದು, ಜಾಲಿಗಿಡ ತೆಂಗಿನ ನಾರಿನದು, ಹಿನ್ನೀರು ನೀಲಿ ಬಳಿದ ಗಾಜಿನದು. ಆ ಗಾಜಿನ ಅಂಚಿಗೆ ಅವರು ಬಿಜಾಗರಿ ಕೂರಿಸಿದ್ದಾರೆ. ಯಾಕೆ ಎಂದು ನಾನು ಕೇಳಬಾರದಿತ್ತು. ಕೇಳಿದರೆ ಒಂದು ತಾಸು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.6 ಮೀಟರಿಗೆ. ನ್ಯಾಯಮಂಡಳಿ ಒಪ್ಪಿದ್ದು 524.256. ನಡುವಿನ ಅಂತರವನ್ನು 87ರಿಂದ ಭಾಗಿಸಿದರೆ ಐದೂಕಾಲು ಸೆಂಟಿಮೀಟರಿಗೆ ತುಸು ಮೇಲೆ. ಅಣೆಕಟ್ಟು ಎತ್ತರಿಸುವ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಸಾಹೇಬ್ರು ಮೇಲೆ ಹೋಗಿ ಗಾಜನ್ನು ಎತ್ತಿ ನೋಡುತ್ತಾರೆ. ಎರಡು ಸ್ಟೇಶನ್ ಕ್ವಾರ್ಟರ್ಸು, ಒಂದು ಹನುಮಪ್ಪನ ಗುಡಿ, ಹದಿನಾಲ್ಕು ಆಡು ಮುಳುಗುತ್ತವೆ.

ಕೆಳಗಿನಿಂದ ಸಾಹೇಬ್ರ ಹೆಂಡತಿ, ನಮ್ಮ ವೈನಿ, ಕೇಳುತ್ತಾರೆ: “ನನ್ನ ಜ್ವಾಳದ ಚೀಲ ಇಟ್ಟ ಜಾಗಾ ಹ್ವಾದದ್ದಕ್ಕ ಪರಿಹಾರ ಯಾವಾಗ ಕೊಡ್ತೀರಿ?”

“ಎರಡನೇ ಹಂತದಾಗ ಐತಿ.”

ಕಾಲುವೆ ಕೆಲಸದಲ್ಲಿ ಮೂರು ದಶಕ ತೆಗೆದ ಮನುಷ್ಯ, ಉತ್ತರಕ್ಕೆ ತಡವರಿಸುವುದಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ವೈನಿ ಸೇಡು ತೀರಿಸಿಕೊಂಡರು. ಪೂಜೆ ಮುಗಿಸಿದ ಎತ್ತಿನ ಜೋಡಿಯನ್ನು ನೀರಿಗೆ ಬಿಡುವ ತನಕ ಎಲ್ಲಿಡುವುದು? ಸಾಹೇಬ್ರ ಬಾಗಲಕೋಟೆ ಸ್ಟೇಶನ್ನಿನ ಅಂಗಳ ಖಾಲಿ ಇತ್ತು, ಅಲ್ಲಿಟ್ಟರು. ಮೂರಿಂಚಿನ ಎತ್ತು 87ರ ಲೆಕ್ಕಕ್ಕೆ ಇಪ್ಪತ್ತೆರಡಡಿ. ನೀರಿನ ಟಾಕಿಯ ಜೊತೆ ಅದು ಮುಖಾಮುಖಿ ನಿಂತಿತ್ತು. ಪೂಜೆಯ ಎತ್ತು, ಕಿತ್ತೆಸೆಯುವಂತಿಲ್ಲ. ಸಾಹೇಬ್ರು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು, ಆಮೇಲೆ ಸಣ್ಣ ರಟ್ಟಿನ ಮೇಲೆ ‘ರೈತರ ಸ್ಮಾರಕ, ಅನಾವರಣ ಬಾಕಿ’ ಎಂದು ಬರೆದು ಎತ್ತಿನ ಮುಂದೆ ಚುಚ್ಚಿದರು.

ಇವರು ಒಬ್ಬರೇ ಆಗಿದ್ದರೆ ಮನೆಯವರ ಕರ್ಮ ಅಂತ ಬಿಟ್ಟುಬಿಡಬಹುದಿತ್ತು. ಜಿಲ್ಲೆಯಲ್ಲಿ ಇಂಥವರು ನಾಲ್ವರಿದ್ದಾರೆ. ತಿಂಗಳಿಗೊಂದು ರವಿವಾರ ಸೇರುತ್ತಾರೆ, ಗಿರಮಿಟ್ಟು, ಮಿರ್ಚಿ, ಎರಡು ಸಲ ಚಹಾ. ಅದಕ್ಕೆ ಅವರು ಇಟ್ಟ ಹೆಸರು ಪ್ರಗತಿ ಪರಿಶೀಲನಾ ಸಭೆ. ಒಬ್ಬೊಬ್ಬರೂ ಎದ್ದು ನಿಂತು ವರದಿ ಒಪ್ಪಿಸಬೇಕು. “ಭೌತಿಕ ಪ್ರಗತಿ ನಾಕು ಇಂಚು. ಆರ್ಥಿಕ ಪ್ರಗತಿ…” ಎಂದು ಹೇಳಿ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. ಮೊಬೈಲಿನಲ್ಲಿ ಫೋಟೋ ತೋರಿಸುವ ಕಾರ್ಯಕ್ರಮವೂ ಇದೆ. ಹೋದ ತಿಂಗಳಿನ ಫೋಟೋಕ್ಕೂ ಈ ತಿಂಗಳಿನದಕ್ಕೂ ಏನು ವ್ಯತ್ಯಾಸ ಎಂದು ಹೊರಗಿನವರು ಕೇಳಬಾರದು. ವ್ಯತ್ಯಾಸ ಇದೆ: ಸಿಗ್ನಲ್ ಕಂಬಕ್ಕೆ ಏಣಿ ಬಂದಿರುತ್ತದೆ. ಅದನ್ನು ಕಾಣದವರಿಗೆ ಎರಡನೇ ಮಿರ್ಚಿ ಸಿಗುವುದಿಲ್ಲ.

ಬಾದಾಮಿಯ ಡ್ರಾಯಿಂಗ್ ಮಾಸ್ತರರ ಕಷ್ಟ ಬೇರೆಯದು. ಬಾದಾಮಿ ಸ್ಟೇಶನ್ನು ಊರಿನಿಂದ ಐದು ಕಿಲೋಮೀಟರು ದೂರ. ರಾತ್ರಿ ಗಾಡಿ ಇಳಿದು ಟಂಟಂಗೆ ಕಾದವರಿಗೆಲ್ಲ ಇದು ಗೊತ್ತು. ಮಾಸ್ತರರು ನಿಯಮ ಮುರಿಯುವವರಲ್ಲ. ಐದು ಕಿಲೋಮೀಟರನ್ನು 87ರಿಂದ ಭಾಗಿಸಿದರೆ 57 ಮೀಟರು. ಹಾಗಾಗಿ ಸ್ಟೇಶನ್ನು ಅವರ ಪಡಸಾಲೆಯಲ್ಲಿದೆ, ಗುಹೆಗಳು ಓಣಿಯ ಕೊನೆಯಲ್ಲಿರುವ ಬೀಗರ ಮನೆಯಲ್ಲಿವೆ. ಬೀಗರು ದೊಡ್ಡ ಮನಸ್ಸಿನವರು, ಟಿವಿ ಮೇಜಿನ ಅರ್ಧ ಬಿಟ್ಟುಕೊಟ್ಟಿದ್ದಾರೆ. ಎಂ-ಸೀಲಿನಲ್ಲಿ ತೀಡಿ, ಅಲ್ಲಿಯದೇ ಕೆಂಪು ಮರಳುಗಲ್ಲಿನ ಪುಡಿ ಸವರಿ ಮಾಡಿದ ಗುಹೆ ನೋಡಲು ನಿಜಕ್ಕೂ ಚೆಂದ. ಹದಿನೆಂಟು ಕೈಯ ನಟರಾಜನಿಗೆ ಇದುವರೆಗೆ ಹನ್ನೊಂದು ಕೈ ಬಂದಿವೆ. ಮಂಗಲೇಶ ಮೂರನೆಯ ಗುಹೆಯನ್ನು 578ರಲ್ಲಿ ಮುಗಿಸಿದ, ನಿಮ್ಮದು ಮೊದಲನೆಯದೇ ಮುಗಿದಿಲ್ಲವಲ್ಲ ಎಂದು ನಾನು ಒಮ್ಮೆ ಚುಡಾಯಿಸಿದೆ. ಮಾಸ್ತರರು ಗಂಭೀರವಾಗಿ ಹೇಳಿದರು: “ಅವರಿಗೆ ಮಂದಿ ಇದ್ರು ಸರ್. ನಾ ಒಬ್ಬಾಂವ. ಮತ್ತ ಸಾಲಿ ಬ್ಯಾರೆ.”

ಬಾದಾಮಿಯಲ್ಲಿ ಮಂಗಗಳ ಕಾಟವನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಒಣಗಲೆಂದು ಬಿಸಿಲಿಗಿಟ್ಟ ಸ್ಲೀಪರ್ ಡಬ್ಬಿಯನ್ನು ಒಂದು ಮಂಗ ಎತ್ತಿಕೊಂಡು ತೆಂಗಿನ ಮರ ಹತ್ತಿತು. ಮನೆಯವರು, ನೆರೆಯವರು ಬಾಳೆಹಣ್ಣು ಹಿಡಿದು ಕೂಗುತ್ತಿದ್ದರೆ ಮಾಸ್ತರರು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಲೆಕ್ಕ ಹಾಕುತ್ತಿದ್ದರು. ಒಂದೂವರೆ ಅಡಿಯ ಮಂಗ, ಗುಣಿಸಿದರೆ ನೂರಾ ಮೂವತ್ತಡಿ. ಇಂಥ ಅಪಘಾತಕ್ಕೆ ಇಲಾಖೆಯ ಕೈಪಿಡಿಯಲ್ಲಿ ಯಾವ ಕಲಮೂ ಇರಲಾರದು.

ಈ ನಾಲ್ವರಲ್ಲಿ ಆಗಾಗ ಜಗಳ ಆಗುವುದು ಕಾಲದ ವಿಷಯಕ್ಕೆ. 1876ರಿಂದ 78ರವರೆಗಿನ ಬರ ಈ ಸೀಮೆಯನ್ನು ಬಳಿದುಕೊಂಡು ಹೋಯಿತು. ಇಂಥ ಬರದಲ್ಲಿ ಕಾಳು ಸಾಗಿಸಲು ದಾರಿ ಬೇಕೆಂದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹೊಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಹಳಿ ಹಾಕಿತು, 1884ರಲ್ಲಿ ಗಾಡಿ ಓಡಿತು. ಮಾಸ್ತರರಿಗೆ ಆ ಕಾಲವೇ ಬೇಕು: ಹೊಗೆ ಉಗುಳುವ ಇಂಜಿನ್ನು, ಕಿಟಕಿಗೆ ಕೈಕೊಟ್ಟರೆ ಮಸಿ. ಅದಕ್ಕೆ 12 ಮಿಲಿಮೀಟರಿನ ಹಳಿ. ಸಾಹೇಬ್ರಿಗೆ ಈಗಿನದೇ ಬೇಕು: ಜೋಡಿ ಹಳಿ, ಮೇಲೆ ಕರೆಂಟಿನ ತಂತಿ. ಆ ತಂತಿಯನ್ನು ವೈನಿಯ ಕಸಬರಿಗೆ ವಾರಕ್ಕೊಮ್ಮೆ ಹರಿಯುತ್ತದೆ, ‘ತಾಂತ್ರಿಕ ಕಾರಣದಿಂದ’ ಗಾಡಿಗಳು ರದ್ದಾಗುತ್ತವೆ. ಇಬ್ಬರ ಹಳಿಯನ್ನೂ ಒಂದೆಡೆ ಜೋಡಿಸಿ ಗಾಡಿ ಓಡಿಸೋಣ ಎಂಬ ಮಾತು ಬಂದಾಗ ನಡುವೆ ನಾಲ್ಕೂವರೆ ಮಿಲಿಮೀಟರು ಅಡ್ಡ ನಿಂತಿತು. ಇಬ್ಬರೂ ಎರಡು ತಿಂಗಳು ಮಾತು ಬಿಟ್ಟಿದ್ದರು.

ಹುನಗುಂದದ ವಕೀಲರು ಎಲ್ಲರಿಗಿಂತ ತಿಳಿದವರು. ಯಾವ ಇಂಜಿನ್ನಿಗೆ ಎಷ್ಟು ಗಾಲಿ, ಯಾವ ಗಾಡಿ ಎಲ್ಲಿ ಕ್ರಾಸಿಂಗಿಗೆ ನಿಲ್ಲುತ್ತದೆ, ಯಾವ ತಿರುವಿನ ತ್ರಿಜ್ಯ ಎಷ್ಟಿರಬೇಕು, ಎಲ್ಲವೂ ಬಾಯಿಪಾಠ. ಉಳಿದ ಮೂವರ ಕೆಲಸದಲ್ಲಿ ತಪ್ಪು ಹುಡುಕಿ ತೀರ್ಪು ಕೊಡುವವರೂ ಅವರೇ. ಅವರದು ಇನ್ನೂ ಒಂದಿಂಚು ಹಳಿಯೂ ಬಿದ್ದಿಲ್ಲ ಎಂಬುದು ಸಣ್ಣ ಮಾತು. ಸರ್ವೇ ಮುಗಿದಿದೆ, ನಕ್ಷೆ ಸುರುಳಿ ಸುತ್ತಿ ಕಪಾಟಿನ ಮೇಲಿದೆ. ಅಟ್ಟದ ಕೋಣೆಯ ಭೂಸ್ವಾಧೀನವೊಂದು ಬಾಕಿ. ಅಲ್ಲಿ ಅವರ ತಾಯಿ ಹಪ್ಪಳ, ಸಂಡಿಗೆಯ ಡಬ್ಬಿ ಇಟ್ಟಿದ್ದಾರೆ. ವಕೀಲರು ಕೋರ್ಟಿನಲ್ಲಿ ಎಂಥೆಂಥವರ ಕಬ್ಜೆ ಬಿಡಿಸಿದವರು. ಅವ್ವನ ಮುಂದೆ ಮಾತ್ರ ಬಾಯಿ ಬರುವುದಿಲ್ಲ. “ಅವ್ವ ಹೂಂ ಅಂದಿಲ್ರಿ ಇನ್ನಾ” ಎಂದು ಪ್ರತಿ ಸಭೆಯಲ್ಲೂ ಒಂದೇ ವರದಿ. ಅದನ್ನೂ ಪ್ರಗತಿಯೆಂದೇ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ನನ್ನ ಮನಸ್ಸಿಗೆ ಹತ್ತಿರದವರು ಇಳಕಲ್ಲಿನ ಸೀರೆ ಅಂಗಡಿಯ ಸಾವಕಾರರು. ಇಳಕಲ್ಲಿಗೆ ರೈಲಿಲ್ಲ, ಹುನಗುಂದಕ್ಕೂ ಇಲ್ಲ. ಹಳೆಯ 13ನೇ ಹೆದ್ದಾರಿಯ ಲಾರಿಗಳ ಹಾರನ್ನೇ ಅಲ್ಲಿಯ ಸಿಳ್ಳು. ಹಾಗಾಗಿ ಇಲ್ಲದ ಸ್ಟೇಶನ್ನನ್ನು ಸಾವಕಾರರು ಅಂಗಡಿಯ ಮಾಳಿಗೆಯಲ್ಲಿ ತಾವೇ ಕಟ್ಟಿದ್ದಾರೆ. ಹಳಿಗೆ ಹಾಕುವ ಖಡಿ ಇಳಕಲ್ಲಿನದೇ ಕೆಂಪು ಗ್ರಾನೈಟಿನ ಪುಡಿ. ನಿಜವಾದ ಖಡಿ 65 ಮಿಲಿಮೀಟರು, ಭಾಗಿಸಿದರೆ ಮುಕ್ಕಾಲು ಮಿಲಿಮೀಟರು, ಅಂದರೆ ಉಪ್ಪಿಟ್ಟಿನ ರವೆ. ಚಹಾ ಸೋಸುವ ಜಾಳಿಗೆಯಲ್ಲಿ ಅದನ್ನು ಸೋಸಿದ ದಿನ ಮನೆಮಂದಿಯೆಲ್ಲ ಕಲ್ಲು ಅಗಿಯುತ್ತ ಚಹಾ ಕುಡಿದರು. ಗಾಡಿಯ ಡಬ್ಬಿಗಳಿಗೆ ಕಡುನೀಲಿ ಒಡಲು, ಕೆಂಪು ಅಂಚು ಬಳಿದಿದ್ದಾರೆ. ಕೊನೆಯ ಡಬ್ಬಿಗೆ ಮಾತ್ರ ಕೆಂಪು ಸೆರಗು, ಅದರ ಮೇಲೆ ಬಿಳಿ ತೋಪುತೆನೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವುದು ಇಳಕಲ್ ನೇಕಾರರ ಕಸುಬು. ಡಬ್ಬಿಗೆ ಡಬ್ಬಿ ಜೋಡಿಸಲಿಕ್ಕೂ ಸಾವಕಾರರು ನೇಕಾರನನ್ನೇ ಕರೆಸಿದರು. ಜರ್ಮನಿಯಿಂದ ಬಂದ ಇಂಜಿನ್ನಿನ ಹಿಂದೆ ಸೆರಗು ಹೊದ್ದ ಗಾಡಿ ಸಾಗುವುದನ್ನು ನೋಡಿದರೆ, ನಗಬೇಕೆಂದು ಮಾಳಿಗೆ ಹತ್ತಿದವನಿಗೂ ನಗು ಮರೆತುಹೋಗುತ್ತದೆ. ಎರಡು ಸುತ್ತು ಹೊಡೆಯುವಷ್ಟರಲ್ಲಿ ಕರೆಂಟು ಹೋಗುತ್ತದೆ, ಅದು ಬೇರೆ ಮಾತು.

ಗಾಡಿ ಓಡಿಸಿ ತೋರಿಸುವವರು ನಾಲ್ವರಲ್ಲಿ ಇವರೊಬ್ಬರೇ. ಉಳಿದವರಿಗೆ “ಗಾಡಿ ಓಡತೈತೇನ್ರಿ?” ಎಂದು ಕೇಳಿದರೆ ಸಿಟ್ಟು ಬರುತ್ತದೆ. “ಇನ್ನೊಂಚೂರು ಉಳದೈತಿ” ಎಂಬುದು ಆ ಮೂವರ ಬೀಜಮಂತ್ರ. ಆ ಚೂರು ಮುಗಿಯಬಾರದು ಎಂಬುದೇ ಒಳಗಿನ ಆಸೆ ಅಂತ ನನಗೆ ಗುಮಾನಿ. ಗುಮಾನಿ ಗಟ್ಟಿಯಾದದ್ದು ಇವರು ಪುಣೆಗೆ ಹೋಗಿ ಬಂದಾಗ. ಕೋಥ್ರೂಡಿನಲ್ಲಿ ಭಾವೂಸಾಹೇಬ ಜೋಶಿಯವರು ಕಟ್ಟಿದ, 1998ರಲ್ಲಿ ಜನರಿಗೆ ತೆರೆದ ಪುಟ್ಟ ರೈಲುಗಳ ಸಂಗ್ರಹಾಲಯವಿದೆ. ಸಿಗ್ನಲ್ಲು ಬೀಳುತ್ತದೆ, ಗೇಟು ಮುಚ್ಚುತ್ತದೆ, ಗಾಡಿ ಹೇಳಿದ ಕಡೆ ನಿಲ್ಲುತ್ತದೆ, ಊರಿನ ದೀಪ ಹತ್ತುತ್ತವೆ. ಯಾತ್ರೆಗೆ ಹೊರಟವರ ಉತ್ಸಾಹದಲ್ಲಿ ಹೋದವರು ತಿಥಿ ಊಟ ಮುಗಿಸಿ ಬಂದವರ ಮುಖ ಹೊತ್ತು ಮರಳಿದರು.

“ಚಲೋ ಇರಲಿಲ್ಲೇನ್ರಿ?” ಎಂದೆ.

“ಭಾಳ ಚಲೋ ಐತಿ. ಆದ್ರ ಮುಗದ ಹೋಗೇತಲ್ರೀ ಅದು!” ಎಂದರು ಸಾಹೇಬ್ರು. “ಮುಂಜಾನೆದ್ದು ಅವರು ಏನ್ ಮಾಡಬೇಕು, ಪಾಪ?”

ಈ ಮನೋಧರ್ಮಕ್ಕೆ ನಮ್ಮ ಜಿಲ್ಲೆಯ ಹವೆಯೂ ಅನುಕೂಲ. ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರು. 2010-11ರ ರೈಲ್ವೆ ಬಜೆಟ್ಟಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಸಾಹೇಬ್ರ ಟೆರೇಸಿನ ಕುಡಚಿ ಮಾರ್ಗಕ್ಕೂ ಕಾಯಿ ಒಡೆದದ್ದು ಅದೇ ವರ್ಷ. ಅಳತೆಗೆ ಸರಿಯಾಗಿ ಹಾಸಿದರೆ ಅದು 1632 ಮೀಟರು. ಮೂರು ಸೆಕ್ಟರು ದಾಟಿ, ಯಾರ್ಯಾರದೋ ಅಡುಗೆಮನೆ ಹಾಯಬೇಕಾಗುತ್ತದೆ. ಸದ್ಯಕ್ಕೆ ಬಚ್ಚಲ ಗೋಡೆಯ ತನಕ ಎಂದು ತೀರ್ಮಾನವಾಯಿತು. ಹೊರಗಿನ ಹಳಿ ನಿಧಾನವಾದಷ್ಟು ದಿನ ಒಳಗಿನದೂ ನೆಮ್ಮದಿಯಿಂದ ನಿಧಾನವಾಗಿತ್ತು. ವೈನಿ ಬೈದರೆ “ಸರ್ಕಾರದ್ದs ಆಗಿಲ್ಲ, ನಂದೇನ್ ಹಚ್ಚೀದಿ?” ಎನ್ನಬಹುದಿತ್ತು. ನಿಜವಾದ ಹಳಿ ಖಜ್ಜಿಡೋಣಿ ದಾಟಿ ಲೋಕಾಪುರದತ್ತ ಹೊರಟಿತೆಂಬ ಸುದ್ದಿ ಬಂದ ದಿನ ಊರೆಲ್ಲ ಖುಷಿಪಟ್ಟಿತು. ಸಾಹೇಬ್ರು ರಾತ್ರಿ ಎರಡರವರೆಗೆ ಸುತ್ತಿಗೆ ಹಿಡಿದು ಕೂತಿದ್ದರು.

ಸಾವಕಾರರಿಗೆ ಇಂಥದೇ ಪೆಟ್ಟು ಬಿದ್ದದ್ದು 2025ರ ಮೇ ತಿಂಗಳಲ್ಲಿ. ಗದಗ–ವಾಡಿ ಮಾರ್ಗದ ಕೆಲಸ ಮುಂದುವರಿದು ಕುಷ್ಟಗಿಗೆ ರೈಲು ಬಂತು. ಇಳಕಲ್ಲಿನಿಂದ ಕುಷ್ಟಗಿ ಅರ್ಧ ತಾಸಿನ ದಾರಿ. ಸಾವಕಾರರು ಅಳತೆ ಟೇಪು ಕಿಸೆಯಲ್ಲಿಟ್ಟುಕೊಂಡು ಹೋಗಿ ಪ್ಲಾಟ್‌ಫಾರ್ಮಿನ ಎತ್ತರ, ಬಾಕಿನ ಉದ್ದ, ಟಿಕೆಟ್ ಕಿಟಕಿಯ ಅಗಲ ಎಲ್ಲ ಬರೆದುಕೊಂಡು ಬಂದರು. ಆ ತಿಂಗಳ ಸಭೆಯಲ್ಲಿ ಅವರು ಮಿರ್ಚಿ ಮುಟ್ಟಲಿಲ್ಲ.

“ಹಿಂಗs ಬರಕೋತ ನಾಳೆ ನಮ್ಮೂರಿಗೂ ಬಂದು ಬಿಡತೈತ್ರಿ” ಎಂದರು. ಇಡೀ ಊರು ತಲೆಮಾರುಗಳಿಂದ ಹರಸಿಕೊಂಡ ಮಾತನ್ನು ಆ ದನಿಯಲ್ಲಿ ಹೇಳಿದ್ದು ಅವರೊಬ್ಬರೇ ಇರಬೇಕು.

“ಬಂದ್ರ ಚಲೋನ ಅಲ್ರಿ ಸಾವಕಾರ್ರ?” ಎಂದರು ಮಾಸ್ತರರು.

“ಚಲೋ ಖರೆ. ಆದ್ರ ಕುಷ್ಟಗಿ ಹಂಗs ಕಟ್ಟಿಬಿಟ್ರ? ನಮ್ಮ ಸ್ಟೇಶನ್ ನೋಡಿ ಕಟ್ಟಬೇಕಲ್ರಿ ಅವರು!”

ವಕೀಲರು ಕನ್ನಡಕ ಏರಿಸಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಪಾಲಿಗೆ ಕೆಲಸ ಬಂದಿತ್ತು. ಅಲ್ಲೇ ಕೂತು ಮಾನ್ಯ ರೈಲ್ವೆ ಸಚಿವರಿಗೆ ಮನವಿಯ ಕರಡು ಬರೆದರು. ಇಳಕಲ್ಲಿಗೆ ರೈಲು ತರಬೇಕು, ತಡಮಾಡಬಾರದು, ಹಾಗೆಯೇ ತೀರ ಅವಸರವನ್ನೂ ಮಾಡಬಾರದು; ಟಿಕೆಟ್ ಕಿಟಕಿ ಕಡ್ಡಾಯವಾಗಿ ಎಡಗಡೆಯೇ ಇರಬೇಕು. ನಾಲ್ವರೂ ಸಹಿ ಮಾಡಿದರು. ಎರಡನೇ ಚಹಾ ತಂದ ವೈನಿ ಮನವಿಯನ್ನು ಓದಿ ಕೇಳಿದರು:

“ಎಡಕ್ಕs ಯಾಕ್ರಿ? ಬಲಕ್ಕ ಇದ್ರ ಏನಾಗತೈತಿ?”

ಸಾವಕಾರರು ಕಪ್ಪು ಕೆಳಗಿಟ್ಟರು.

“ಇಲ್ರಿ ವೈನಿ, ಅದಕ್ಕ ಎಂ-ಸೀಲ್ ಹಚ್ಚೀನಿ. ಈಗ ಕೀಳಾಕ ಬರೂದಿಲ್ಲ.”