ಹಲ್ಲಿನ ಪಂಚಾಂಗ

ಹಲ್ಲಿಗೆ ಪಂಚಾಂಗ ಓದಲು ಬರುತ್ತದೆಂದೇ ನನ್ನ ಗುಮಾನಿ. ವರ್ಷವಿಡೀ ತೆಪ್ಪಗಿದ್ದು, ನರಕ ಚತುರ್ದಶಿಗೆ ದಂತವೈದ್ಯರು ಊರಿಗೆ ಹೋದ ಮೇಲೆಯೇ ಕೋಡುಬಳೆಗೆ ಸಿಕ್ಕಿ ಚೂರಾಗುತ್ತದೆ. ಆಮೇಲೆ ಮನೆತುಂಬ ವೈದ್ಯರೇ! ಅತ್ತೆ ಲವಂಗ ತರುತ್ತಾರೆ. ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ತುಸು ಹೊತ್ತು ನೋವನ್ನು ಮರಗಟ್ಟಿಸುವುದು ನಿಜ. ಬೆಚ್ಚನೆಯ ಉಪ್ಪುನೀರು ಮುಕ್ಕಳಿಸುವುದೂ ಸರಿಯೇ. ಆದರೆ ಆಸ್ಪಿರಿನ್ ಗುಳಿಗೆಯನ್ನು ವಸಡಿಗೇ ಒತ್ತಲು ಬರುವ ಭಾವಮೈದ ಇರುತ್ತಾನಲ್ಲ, ಅವನನ್ನು ಪಟಾಕಿ ಹಚ್ಚಲು ಕಳಿಸಿ. ಆ ಗುಳಿಗೆ ವಸಡನ್ನೇ ಸುಡುತ್ತದೆ.

ಯಾರಾದರೂ ಬಿದ್ದು ಶಾಶ್ವತ ಹಲ್ಲೇ ಕಿತ್ತು ಬಂತೋ, ಬೇರು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರು ಸಿಗುವಲ್ಲಿಗೆ ಓಡಿ. 30 ನಿಮಿಷದೊಳಗೆ ಕೂರಿಸಿದರೆ ಉಳಿಯುವ ಸಂಭವ ಹೆಚ್ಚು. ಮುಖ ಊದಿ, ಜ್ವರ ಬಂದು, ನುಂಗಲು ಕಷ್ಟವಾದರಂತೂ ಬಲಿಪಾಡ್ಯಮಿ ಕಳೆಯಲಿ ಎನ್ನಬೇಡಿ. ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹಬ್ಬದ ರಜೆಯಿಲ್ಲ.